ಕನ್ನಡಕ ಕಳೀಬೇಡ

ಟೈಲರಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜೊಂದಿತ್ತು. ಹಗಲೆಲ್ಲ ಅದರ ಮೇಲೆ ಶಾಲೆಯ ಯೂನಿಫಾರ್ಮಿನ ನೀಲಿ ಬಟ್ಟೆ ಹರಡಿರುತ್ತಿತ್ತು. ಸಂಜೆ ಕಾಲೇಜು ಬಿಡುವ ಹೊತ್ತಿಗೆ ಟೈಲರಮ್ಮ ಬಟ್ಟೆಯನ್ನೆಲ್ಲ ಸುತ್ತಿ ಮೂಲೆಗೆ ನಿಲ್ಲಿಸಿ, ಚೂರುಪಾರುಗಳನ್ನು ಕೈಯಲ್ಲೇ ಬಳಿದು, "ಬನ್ನಿ, ಇನ್ನು ನೀವು ಕತ್ತರಿಸಿ" ಎನ್ನುತ್ತಿದ್ದರು. ಕೊನೆಯ ವರ್ಷದ ಪರೀಕ್ಷೆ ಬರೆಯಬೇಕಾದ ಮೂವರು ಆ ಮೇಜಿನ ಸುತ್ತ ಕೂರುತ್ತಿದ್ದರು. ಟೈಲರಮ್ಮನ ಮಗಳು ಗುಬ್ಬಿ, ಅವಳ ಗೆಳತಿ ಗೈಡು, ಇಬ್ಬರಿಗೂ ಸಹಪಾಠಿಯಾದ ಲಂಬು.

ಗೈಡು ಎನ್ನುವುದು ಹೆಸರಲ್ಲ, ಬಿರುದು. ಫಿಸಿಕ್ಸಿನ ಲೆಕ್ಕವಾಗಲಿ ಗಣಿತದ್ದಾಗಲಿ, ಯಾರು ಕೇಳಿದರೂ ಹೇಳಿಕೊಡುತ್ತಿದ್ದಳು; ಕೇಳದವರಿಗೂ ಹೇಳಿಕೊಡುತ್ತಿದ್ದಳು. ಅಂಗಡಿಯಲ್ಲಿ ಸಿಗುವ ಗೈಡಾದರೆ ಸಾಕೆನಿಸಿದಾಗ ಮುಚ್ಚಿಡಬಹುದು, ಇದನ್ನು ಮುಚ್ಚೋದು ಹೇಗೆ ಅಂತ ಲಂಬುವಿನ ತಕರಾರು. ಲಂಬು ಕೆಮಿಸ್ಟ್ರಿಯಲ್ಲಿ ಗಟ್ಟಿ ಆಸಾಮಿ. ಆದರೆ ಆ ಮೇಜಿನ ಕೆಳಗೆ ಅವನ ಕಾಲಿಗೆ ಜಾಗ ಸಾಲದೆ, ಪಾಠ ಹೇಳುವ ಹೊತ್ತಿನಲ್ಲಿ ಅರ್ಧ ಭಾಗ ಕಾಲು ಮಡಿಸಿ ಬಿಡಿಸುವುದರಲ್ಲೇ ಕಳೆಯುತ್ತಿತ್ತು. ಗುಬ್ಬಿಯ ಪಾಲಿಗೆ ಬಯಾಲಜಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಹೃದಯದ ಚಿತ್ರ ಬರೆದು, "ಇದು ತೋಳು ಕೂಡಿಸೋ ಜಾಗ ಅಂದ್ಕೊಳ್ಳಿ, ರಕ್ತ ಇಲ್ಲಿಂದ ಒಳಗೆ ಬರುತ್ತೆ" ಎಂದು ಒಮ್ಮೆ ತೋರಿಸಿದರೆ ಮರೆಯಬೇಕೆಂದರೂ ಮರೆಯುವಂತಿರಲಿಲ್ಲ. ಹೀಗೆ ಒಬ್ಬರಿಗೊಬ್ಬರು ಆಸರೆಯಾಗಿ ವರ್ಷ ನೂಕಿದ್ದರು. ಯಾರಿಗೂ ಟ್ಯೂಷನ್ ಇರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ಆ ಕೋಣೆಯಲ್ಲಿ ದಿನಕ್ಕೊಂದು ಸಲವಾದರೂ ಕೇಳಿಬರುತ್ತಿದ್ದ ಮಾತೊಂದಿತ್ತು. ಟೈಲರಮ್ಮನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ದೂರಕ್ಕೆ ಬೇಡ, ಹತ್ತಿರಕ್ಕೆ ಬೇಕು ಎನ್ನುವಂಥ ಕನ್ನಡಕವನ್ನು ಹಾಕುವುದು, ತೆಗೆಯುವುದು, ಎಲ್ಲೋ ಇಡುವುದು. ಅದರ ಮೇಲೆ ಇವರು ಪುಸ್ತಕ ಹೇರುವುದು. ಆಮೇಲೆ ಇಡೀ ಕೋಣೆ ತಡಕುತ್ತ ಅವರು, "ನನ್ನ ಕನ್ನಡಕ ಕಳೀಬೇಡ್ರಪ್ಪಾ" ಎಂದು ಗೋಳಾಡುತ್ತಿದ್ದರು. ಕನ್ನಡಕ ಹೆಚ್ಚಿನ ಸಲ ಅವರ ತಲೆಯ ಮೇಲೇ ಇರುತ್ತಿತ್ತು. ಮೂವರೂ ನಗುತ್ತಿದ್ದರು. ಟೈಲರಮ್ಮನೂ ನಗುತ್ತಿದ್ದರು, ಆದರೆ ನಕ್ಕ ಮೇಲೆ ಸೂಜಿಯನ್ನು ದೀಪದ ಬುಡಕ್ಕೆ ಹಿಡಿದು ದಾರ ಪೋಣಿಸಲು ಹೆಣಗುವಾಗ ಗುಬ್ಬಿ ಮಾತ್ರ ನಗುತ್ತಿರಲಿಲ್ಲ.

ಗುಬ್ಬಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಸೇರುವ ಆಸೆ. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ ಒಳಗಿನದನ್ನೆಲ್ಲ ಓದಬಹುದು ಎನ್ನುವುದೇ ಅವಳಿಗೆ ದೊಡ್ಡ ಮೋಡಿ. ಅದಕ್ಕೆ ಎಲ್ಲ ವಿಷಯಗಳಲ್ಲೂ ಪಾಸಾಗಬೇಕು. ಫಿಸಿಕ್ಸ್ ಒಂದೇ ಅವಳ ಗಂಟಲಿಗೆ ಸಿಕ್ಕಿದ ಮುಳ್ಳು. ಟೈಲರಮ್ಮನ ತಮ್ಮ, ಅಂದರೆ ಗುಬ್ಬಿಯ ಸೋದರಮಾವ, ಒಂದು ಸಂಜೆ ಅಂಗಡಿಗೆ ಬಂದವನು ಎಲ್ಲರೆದುರೇ ಹೇಳಿಬಿಟ್ಟಿದ್ದ. "ಪಾಸಾದ್ರೆ ಓದ್ಲಿ ಅಕ್ಕ, ನಾನು ಬೇಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಮೆಷಿನ್ ಅವಳಿಗೆ ಕೊಡು. ನಿನ್ನ ಕಣ್ಣು ಇನ್ನೆಷ್ಟು ದಿನ ಬರುತ್ತೆ." ಟೈಲರಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಹಲ್ಲಿನಿಂದ ದಾರ ಕಡಿದರು. ಮಾವ ಕೆಟ್ಟವನೇನಲ್ಲ. ಅವನ ಮಾತಿನಲ್ಲಿ ತಪ್ಪು ಹುಡುಕಲು ಗೈಡು ಎಷ್ಟೋ ಸಲ ನೋಡಿದಳು, ಸಿಗಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಒಂದು ಎಡವಟ್ಟಾಗಿತ್ತು. ಅವತ್ತು ಬೆಳಿಗ್ಗೆ ಗೇಟಿನ ಬಳಿ ಗುಬ್ಬಿ ಕಣ್ಣು ಮುಚ್ಚಿಕೊಂಡು ಸೂತ್ರಗಳನ್ನು ಗೊಣಗುತ್ತಿದ್ದಳು. "ಕೆಪಾಸಿಟರ್ ಸರಣಿಯಲ್ಲಿದ್ರೆ ಕೂಡು" ಎಂದಳು. ಗೈಡಿನ ನಾಲಗೆ ಸುಮ್ಮನಿರುವಂಥದ್ದಲ್ಲ. "ಅಯ್ಯೋ, ತಲೆಕೆಳಗು ಹೇಳ್ತಿದೀಯ ಕಣೇ. ಸರಣಿಯಲ್ಲಿ ಕೂಡೋದು ರೆಸಿಸ್ಟರು, ಕೆಪಾಸಿಟರ್ ಅಲ್ಲ" ಎಂದುಬಿಟ್ಟಳು. ಗುಬ್ಬಿಯ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ಕೂತರೆ ಪ್ರಶ್ನೆಪತ್ರಿಕೆಯ ಅಕ್ಷರವೇ ಹತ್ತಲಿಲ್ಲವಂತೆ. ಒಂದು ತಪ್ಪಾಗಿದ್ದರೆ ಉಳಿದದ್ದೂ ತಪ್ಪೇ ಇರಬೇಕು ಎಂಬ ಹುಳ ತಲೆಯೊಳಗೆ ಹೊಕ್ಕು, ಅರ್ಧ ಹಾಳೆ ಖಾಲಿ ಬಿಟ್ಟು ಎದ್ದುಬಂದಳು. ಫೇಲಾದಳು.

ಅಂಕ ತಿಳಿದ ದಿನ ಸಂಜೆ ಗುಬ್ಬಿ ಒಂದು ಕಾನೂನು ಮಾಡಿದಳು. "ಗೇಟಿನ ಹತ್ರ ಬಂದ್ಮೇಲೆ ಯಾರೂ ನಂಗೆ ಏನೂ ಹೇಳ್ಬಾರದು. ಒಂದಕ್ಕೊಂದು ಕೂಡಿದ್ರೆ ಮೂರು ಅಂತ ನಾನಂದ್ರೂ ಹೂಂ ಅನ್ಬೇಕು."

"ನಂಗೇನು ಕಷ್ಟ ಇಲ್ಲ. ನಂಗೂ ಎಷ್ಟೋ ಸಲ ಮೂರೇ ಬಂದಿದೆ" ಎಂದ ಲಂಬು.

ಗೈಡು ನಗಲಿಲ್ಲ. ಗುಬ್ಬಿಯ ಅಂಗೈ ಮೇಲೆ ಅಂಗೈಯಿಟ್ಟು ಭಾಷೆ ಕೊಟ್ಟಳು. ಪಕ್ಕದಲ್ಲೇ ಗುಂಡಿ ಹೊಲಿಯುತ್ತ ಕೂತಿದ್ದ ಟೈಲರಮ್ಮ ತಲೆಯೆತ್ತದೆ ಹೇಳಿದರು. "ನೀನು ಒಳ್ಳೇದಕ್ಕೇ ಹೇಳಿದ್ದು ಕಣಮ್ಮ, ಗೊತ್ತು. ಆದ್ರೂ ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು." ಬೈದಿದ್ದರೆ ಗೈಡು ತಡೆದುಕೊಳ್ಳುತ್ತಿದ್ದಳು. ಇಷ್ಟು ಮೆತ್ತಗೆ ಹೇಳಿದ್ದು ಅವರ ಕೈಯಲ್ಲಿದ್ದ ಸೂಜಿಗಿಂತ ಜೋರಾಗಿ ಚುಚ್ಚಿತು. ಅಂದಿನಿಂದ ಬಾಯಿ ತೆರೆಯುವ ಮುಂಚೆ ಎರಡು ಸಲ ಯೋಚಿಸುವುದನ್ನು ಕಲಿತಳು. ಕಲಿಯಬೇಕಾದದ್ದೇ. ಆದರೆ ಕೆಲವರು ಹೊಸ ಪಾಠ ಕಲಿತರೆ ಎಲ್ಲ ಲೆಕ್ಕಕ್ಕೂ ಅದನ್ನೇ ಹಚ್ಚುತ್ತಾರೆ.

ಉಳಿದ ದಿನಗಳಲ್ಲಿ ಗೈಡು ಗುಬ್ಬಿಯ ಫಿಸಿಕ್ಸಿಗೆ ಟೊಂಕ ಕಟ್ಟಿ ನಿಂತಳು. ಗುಬ್ಬಿಗೆ ಯಾವಾಗಲೂ ಕೈಕೊಡುತ್ತಿದ್ದದ್ದು ಬೆಳಕಿನ ಪಾಠದ ಎರಡು ಸೂತ್ರಗಳು. ನೋಡಲು ಅವಳಿಜವಳಿ, ಕನ್ನಡಿಯ ಸೂತ್ರದಲ್ಲಿ ನಡುವೆ ಕೂಡುವ ಚಿಹ್ನೆ, ಲೆನ್ಸಿನ ಸೂತ್ರದಲ್ಲಿ ಕಳೆಯುವ ಚಿಹ್ನೆ, ಅಷ್ಟೇ ವ್ಯತ್ಯಾಸ. ಯಾವುದು ಯಾವುದಕ್ಕೆ ಎಂಬುದೇ ಅವಳಿಗೆ ಅದಲುಬದಲು.

"ಲೆನ್ಸ್ ಅನ್ನೋದನ್ನ ಬಿಡು. ಅಮ್ಮನ ಕನ್ನಡಕ ಅಂದ್ಕೋ" ಎಂದಳು ಗೈಡು. ತಾನೇ ಕಟ್ಟಿದ ಸಾಲನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಳು. ಕನ್ನಡಿಗೆ ಕೂಡು, ಕನ್ನಡಕಕ್ಕೆ ಕಳೆ.

ಗುಬ್ಬಿ ಓದಿದಳು, ಮತ್ತೊಮ್ಮೆ ಓದಿದಳು, ಖುಷಿಯಾದಳು. ಅದೇ ಹೊತ್ತಿಗೆ ಟೈಲರಮ್ಮ ಒಳಗೆ ಬಂದು ಪುಸ್ತಕಗಳ ಕೆಳಗೆ ಕೈಹಾಕಿ, "ನನ್ನ ಕನ್ನಡಕ ಕಳೀಬೇಡ್ರಪ್ಪಾ" ಎಂದರು. ಮೂವರೂ ಬಿದ್ದು ಬಿದ್ದು ನಕ್ಕರು. "ಆಂಟಿ, ಫಿಸಿಕ್ಸ್ ಪ್ರಕಾರ ಕಳೀಲೇಬೇಕು" ಎಂದ ಲಂಬು. ಟೈಲರಮ್ಮನಿಗೆ ಅರ್ಥವಾಗದಿದ್ದರೂ ಮಕ್ಕಳು ನಗುತ್ತಿದ್ದಾರಲ್ಲ ಎಂದು ಅವರೂ ನಕ್ಕರು. ಆ ಸಂಜೆ ಎಲ್ಲವೂ ಸಲೀಸಾಗಿ ಕಂಡಿತ್ತು. ಮರುದಿನ ಬಟ್ಟೆ ಹಾಸುವಾಗ ಟೈಲರಮ್ಮ ಒದ್ದೆ ಅರಿವೆಯಿಂದ ಆ ಸಾಲನ್ನು ಒರೆಸಿ ಹಾಕಿದರು. ಅವರ ಮಾತು ಮಾತ್ರ ದಿನವೂ ಆ ಕೋಣೆಯಲ್ಲಿ ಕೇಳಿಸುತ್ತಲೇ ಇತ್ತು.

ಫಿಸಿಕ್ಸ್ ಪರೀಕ್ಷೆಯ ಬೆಳಿಗ್ಗೆ ಗೇಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎನ್ನುವಂತೆ ಎಲ್ಲರ ಮೂಗೂ ಪುಸ್ತಕದೊಳಗೇ. ಗುಬ್ಬಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತುಟಿ ಆಡಿಸುತ್ತಿದ್ದಳು. ಮುಖ ಶಾಂತವಾಗಿತ್ತು. ಅವಳನ್ನು ಹಾಗೆ ನೋಡಿ ಗೈಡಿಗೆ ಹಾಯೆನಿಸಿತು. ಲಂಬು ಹಾಲ್ ಟಿಕೆಟ್ಟನ್ನು ಯಾವ ಜೇಬಿನಲ್ಲಿಟ್ಟೆನೆಂದು ಮೈಯೆಲ್ಲ ತಡವಿಕೊಳ್ಳುತ್ತಿದ್ದ. ಗೈಡು ಗೆಳತಿಯ ಪಕ್ಕಕ್ಕೆ ಸರಿದು ನಿಂತಳು.

ಗುಬ್ಬಿ ಗೊಣಗುತ್ತಿದ್ದುದು ಈಗ ಸ್ಪಷ್ಟವಾಗಿ ಕೇಳಿಸಿತು. "ಕನ್ನಡಿಗೆ ಕಳೆ. ಕನ್ನಡಕ ಕಳೀಬೇಡ, ಕೂಡು."

ಏನಾಗಿದೆಯೆಂದು ಗೈಡಿಗೆ ಆ ಕ್ಷಣವೇ ಹೊಳೆಯಿತು. ತಾನು ಒಂದು ಸಂಜೆ ಹೇಳಿಕೊಟ್ಟ ಸಾಲು ಒರೆಸಿಹೋಗಿತ್ತು, ಅಮ್ಮ ದಿನವೂ ಹೇಳುತ್ತಿದ್ದ ಸಾಲು ಉಳಿದುಕೊಂಡಿತ್ತು. ಕನ್ನಡಕ ಕಳೆಯಬಾರದು, ಕಳೆಯಬಾರದು ಎಂದ ಮೇಲೆ ಕೂಡಬೇಕು, ಕನ್ನಡಕಕ್ಕೆ ಕೂಡುವುದಾದರೆ ಕನ್ನಡಿಗೆ ಕಳೆಯಬೇಕು. ಗುಬ್ಬಿಯ ತಲೆ ಎಷ್ಟು ನೇರವಾಗಿ ಯೋಚಿಸಿತ್ತೆಂದರೆ ಎರಡೂ ಸೂತ್ರಗಳು ತಲೆಕೆಳಗಾಗಿದ್ದವು.

ಕಣ್ಣು ತೆರೆದ ಗುಬ್ಬಿ ಗೈಡಿನ ಕಡೆ ತಿರುಗಿದಳು. ಗೈಡು ಬಾಯಿ ತೆರೆದಳು. ಬಿಳಿಚಿಕೊಂಡ ಆ ಹಳೆಯ ಮುಖ, ಖಾಲಿ ಬಿಟ್ಟ ಅರ್ಧ ಹಾಳೆ, ಅಂಗೈ ಮೇಲಿಟ್ಟ ಅಂಗೈ, ಒಡೆದ ಮುತ್ತು, ಎಲ್ಲ ಒಟ್ಟಿಗೆ ನೆನಪಾದವು. ಹೇಳಿದರೆ ಹೋದ ಸಲದಂತೆ ಇಡೀ ಪತ್ರಿಕೆ ಹೋಗಬಹುದು. ಹೇಳದಿದ್ದರೆ ಹೋಗುವುದು ಒಂದು ಲೆಕ್ಕ. ಅದೂ ಬಂದರೆ ತಾನೇ. ಹೀಗೆ ತೂಗಿ ನೋಡಿದಳು. ಆದರೆ ತಕ್ಕಡಿಯ ಕೆಳಗೆ ಇನ್ನೊಂದು ಕೈಯಿತ್ತು. ಈ ಸಲವೂ ಗುಬ್ಬಿ ಫೇಲಾದರೆ ಅದು ತನ್ನ ಬಾಯಿಂದ ಆಯಿತು ಎನ್ನಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು. ಟೈಲರಮ್ಮ ಮತ್ತೊಮ್ಮೆ ಅಷ್ಟು ಮೆತ್ತಗೆ ಮಾತಾಡುವುದನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ.

"ಏನೇ?" ಎಂದಳು ಗುಬ್ಬಿ.

"ಏನಿಲ್ಲ. ಚೆನ್ನಾಗಿ ಬರಿ."

ಗಂಟೆ ಹೊಡೆಯಿತು.

ಇಬ್ಬರಿಗೂ ಒಂದೇ ಕೋಣೆ. ಗುಬ್ಬಿ ಮುಂದಿನ ಸಾಲಿನಲ್ಲಿ ಕಿಟಕಿಯ ಬಳಿ, ಗೈಡು ಹಿಂದೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಗೈಡು ಮೊದಲು ಹುಡುಕಿದ್ದು ಲೆನ್ಸನ್ನು. ಬಂದಿತ್ತು. ಐದು ಅಂಕದ ಲೆಕ್ಕ, ಬಿಟ್ಟರೆ ಬೇರೆ ಆಯ್ಕೆಯೂ ಇಲ್ಲ. ಇರಲಿ, ಐದು ತಾನೇ, ಉಳಿದದ್ದನ್ನು ಬರೆಯುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು.

ಗುಬ್ಬಿ ಬರೆಯುತ್ತಿದ್ದಳು. ಮೊದಲಿಗೆ ಪೆನ್ನು ಸರಾಗವಾಗಿ ಓಡಿತು. ಆಮೇಲೆ ನಿಂತಿತು. ಹಾಳೆ ಹಿಂದಕ್ಕೆ ತಿರುವಿದಳು. ಸ್ಕೇಲ್ ಇಟ್ಟು ಏನನ್ನೋ ಹೊಡೆದುಹಾಕಿದಳು. ಮತ್ತೆ ಬರೆದಳು, ಮತ್ತೆ ಹೊಡೆದುಹಾಕಿದಳು. ಒಮ್ಮೆ ಪೂರ್ತಿ ಹಿಂತಿರುಗಿ ಗೈಡಿನ ಮುಖವನ್ನು ನೋಡಿದಳು. ಕಾಪಿ ಹೊಡೆಯುವವರು ಹಾಳೆಯನ್ನು ನೋಡುತ್ತಾರೆ. ಇವಳು ಮುಖ ನೋಡಿದಳು. "ಮುಂದೆ ನೋಡಮ್ಮಾ" ಎಂದರು ಕಾವಲಿಗಿದ್ದ ಮೇಷ್ಟ್ರು. ಗೈಡಿಗೆ ಯಾಕೆಂದು ತಿಳಿಯಲಿಲ್ಲ. ತನ್ನ ಲೆಕ್ಕಗಳನ್ನೆಲ್ಲ ತಪ್ಪಿಲ್ಲದೆ ಮಾಡಿದಳು, ಆದರೆ ಏನು ಬರೆದೆನೆಂದು ಒಂದೂ ನೆನಪುಳಿಯಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಬಳಿ ಲಂಬು ಪ್ರಶ್ನೆಪತ್ರಿಕೆ ಬೀಸಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದ. "ಲೆನ್ಸ್ ಲೆಕ್ಕ ಎಷ್ಟು ಬಂತ್ರೇ?" ಎಂದು ಕೇಳಿದ. ಗುಬ್ಬಿ ಅವನ ಕಡೆ ನೋಡಲಿಲ್ಲ. ನೆಟ್ಟಗೆ ಗೈಡಿನ ಎದುರಿಗೆ ಬಂದು ನಿಂತಳು.

"ಯಾವುದು ತಪ್ಪಿತ್ತು?"

"ಯಾವುದು ಅಂದ್ರೆ?"

"ಗೇಟಿನ ಹತ್ರ ನಾನು ಹೇಳ್ಕೊಳ್ತಾ ಇದ್ದೆ. ನೀನು ಕೇಳಿಸ್ಕೊಂಡೆ. ನಿನ್ನ ಮುಖ ಹೆಂಗಾಯ್ತು ಅಂತ ನಾನು ನೋಡಿದೆ ಕಣೇ. ಅದ್ರಲ್ಲಿ ಯಾವುದೋ ತಪ್ಪಿತ್ತು. ಯಾವುದು?"

"ಹೇಳ್ಬಾರದು ಅಂತ ನೀನೇ ಭಾಷೆ ತಗೊಂಡಿದ್ದೆ" ಎಂದಳು ಗೈಡು. ಆಡಿದ ಮೇಲೆ ತನ್ನ ದನಿ ತನಗೇ ಹೇಸಿಗೆಯಾಯಿತು.

"ತಗೊಂಡಿದ್ದೆ. ನೀನು ಬಾಯಿ ಮುಚ್ಕೊಂಡೆ, ಮುಖ ಮುಚ್ಕೊಳ್ಳಲಿಲ್ಲ." ಗುಬ್ಬಿ ಅಳುತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು. "ಯಾವುದು ತಪ್ಪು ಅಂತ ಗೊತ್ತಿದ್ರೆ ಅದೊಂದನ್ನ ಬಿಡ್ತಿದ್ದೆ. ಗೊತ್ತಿಲ್ವಲ್ಲ. ಒಂದೊಂದು ಸೂತ್ರ ಬರೆದಾಗ್ಲೂ ಇದೇ ಇರ್ಬೇಕು ಅನ್ನಿಸ್ತು. ರೆಸಿಸ್ಟರಿಂದು ಹೊಡೆದುಹಾಕಿದೆ. ಕಾಂತದ್ದು ಹೊಡೆದುಹಾಕಿದೆ. ಕನ್ನಡಕದ್ದು ಮಾತ್ರ ಹೊಡೀಲಿಲ್ಲ. ಅದು ಅಮ್ಮನ ಮಾತು, ಅದು ತಪ್ಪಿರಲ್ಲ ಅಂತ."

ಗೈಡು ತಲೆ ತಗ್ಗಿಸಿದಳು. ಗುಬ್ಬಿಗೆ ಉತ್ತರ ಸಿಕ್ಕಿತು.

"ಅದೇನಾ?" ಎಂದಳು. ಆಮೇಲೆ, "ರೆಸಿಸ್ಟರಿಂದು ಸರಿಯಾಗಿತ್ತಾ?" ಎಂದು ಕೇಳಿದಳು.

"ಸರಿಯಾಗಿತ್ತು."

"ಕಾಂತದ್ದು?"

"ಅದೂ."

ಲಂಬು ತಲೆಬುಡ ತಿಳಿಯದೆ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದ್ದ. ಗುಬ್ಬಿ ಸೈಕಲ್ಲಿನ ಬೀಗ ತೆಗೆದಳು. "ನಂಗೆ ತಡ್ಕೊಳ್ಳೋಕೆ ಆಗಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ" ಎಂದು, ಹತ್ತಿ ಹೊರಟುಹೋದಳು. ಆಡಿದ ಮಾತಿಗೆ ಗಾದೆಗಳು ಬೇಕಾದಷ್ಟಿವೆ. ಆಡದೆ ನುಂಗಿದ ಮಾತಿಗೂ ಒಂದನ್ನು ಯಾರಾದರೂ ಕಟ್ಟಬೇಕಿತ್ತು, ಅದನ್ನು ಟೈಲರಮ್ಮನಂಥವರು ಹುಡುಗಿಯರಿಗೆ ಹೇಳಿಕೊಡಬೇಕಿತ್ತು.

ಗಣಿತದ ಪರೀಕ್ಷೆಗೆ ಮೂವರೂ ಬೇರೆ ಬೇರೆ ಓದಿದರು. ಫಲಿತಾಂಶ ಬಂದಾಗ ಗುಬ್ಬಿ ಗಣಿತದಲ್ಲಿ ಚೆನ್ನಾಗಿಯೇ ಪಾಸಾಗಿದ್ದಳು, ಬಯಾಲಜಿಯಲ್ಲಿ ಕಾಲೇಜಿಗೇ ಮೊದಲಾಗಿದ್ದಳು. ಫಿಸಿಕ್ಸ್ ಹೋಗಿತ್ತು. ಎಷ್ಟರಲ್ಲಿ ಹೋಯಿತೆಂದು ಕೇಳುವ ಧೈರ್ಯ ಗೈಡಿಗೆ ಬರಲಿಲ್ಲ. ಮರುಪರೀಕ್ಷೆ ಬರೆಯಬಹುದಿತ್ತು, ಆದರೆ ಅಷ್ಟರೊಳಗೆ ಕೋರ್ಸಿನ ಸೀಟು ಉಳಿದಿರುತ್ತದೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಮಾವ ಬಂದು ಮೆಷಿನ್ನನ್ನು ಬೆಳಕು ಬರುವ ಕಿಟಕಿಯ ಬಳಿಗೆ ಸರಿಸಿಕೊಟ್ಟು ಹೋದ.

ಗೈಡು ಆ ರಸ್ತೆಯನ್ನೇ ಬಿಟ್ಟು ಸುತ್ತುಬಳಸಿ ಓಡಾಡತೊಡಗಿದಳು. ತನ್ನ ಅಂಕಗಳನ್ನು ಯಾರಾದರೂ ಹೊಗಳಿದರೆ ಮೈಮೇಲೆ ಬಿಸಿನೀರು ಸುರಿದಂತಾಗುತ್ತಿತ್ತು. ಕೊನೆಗೆ ಒಂದು ಸಂಜೆ ಲಂಬು ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದ. "ಆಂಟಿ ಕೇಳ್ತಿದ್ರು, ಗೈಡು ಯಾಕೆ ಬರ್ತಿಲ್ಲ ಅಂತ. ನಾನು ಕೆಮಿಸ್ಟ್ರಿ ಬಿಟ್ಟು ಬೇರೇನೂ ಹೇಳಿಕೊಡಲಾರೆ. ಅದ್ರಲ್ಲಿ ಅವಳು ಆಗ್ಲೇ ಪಾಸಾಗಿದ್ದಾಳೆ. ನನ್ನ ಜನ್ಮ ಯಾಕೆ ತಿಂತೀಯ, ಹೋಗು."

ಹೋದಳು. ಅಂಗಡಿಯ ಮುಂಭಾಗದಲ್ಲಿ ಟೈಲರಮ್ಮ ಗಿರಾಕಿಯೊಬ್ಬರ ಭುಜದ ಅಳತೆ ತೆಗೆಯುತ್ತಿದ್ದರು. ಗೈಡನ್ನು ಕಂಡು, "ಒಳಗಿದ್ದಾಳೆ, ಹೋಗಮ್ಮ" ಎಂದಷ್ಟೇ ಹೇಳಿದರು. ಕನ್ನಡಕ ಅವರ ಮೂಗಿನ ಮೇಲೆ ಗಟ್ಟಿಯಾಗಿತ್ತು, ಅದಕ್ಕೊಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅದನ್ನು ಕಟ್ಟಿದವಳು ಗುಬ್ಬಿಯೇ ಇರಬೇಕು ಎಂದುಕೊಂಡಳು ಗೈಡು. ಇನ್ನು ಆ ಕೋಣೆಯಲ್ಲಿ ಯಾರೂ ಕನ್ನಡಕ ಹುಡುಕುವುದಿಲ್ಲ.

ಕಿಟಕಿಯ ಬಳಿ ಗುಬ್ಬಿ ನೀಲಿ ಲಂಗವೊಂದಕ್ಕೆ ಅಂಚು ಹೊಡೆಯುತ್ತಿದ್ದಳು. ಮೇಜಿನ ಮೇಲೆ ಪುಸ್ತಕವಿರಲಿಲ್ಲ, ಬರೀ ಬಟ್ಟೆ. ಗೈಡು ಸ್ಟೂಲ್ ಎಳೆದುಕೊಂಡು ಕೂತಳು.

"ತಪ್ಪಾಯ್ತು ಕಣೇ. ನಿನ್ನ ಭಾಷೆಗೆ ಹೆದರಿ ಅಲ್ಲ ನಾನು ಸುಮ್ಮನಿದ್ದದ್ದು. ನನ್ನ ಮೇಲೆ ಬರುತ್ತೆ ಅಂತ ಹೆದರಿದೆ" ಎಂದಳು.

ಗುಬ್ಬಿಯ ಕಾಲು ಮೆಷಿನ್ನಿನ ಪೆಡಲನ್ನು ತುಳಿಯುತ್ತಲೇ ಇತ್ತು, ಸೂಜಿ ಟಕಟಕ ಏರಿಳಿಯುತ್ತಿತ್ತು. ಒಂದು ಅಂಚು ಮುಗಿಯಿತು, ಬಟ್ಟೆ ತಿರುಗಿಸಿ ಇನ್ನೊಂದನ್ನು ಹಿಡಿದಳು. ಆಮೇಲೆ ಯಾರಿಗೂ ಅಲ್ಲವೆನ್ನುವಂತೆ ಶುರುಮಾಡಿದಳು.

"ಕನ್ನಡಿಗೆ ಕೂಡು."

ಗೈಡು ಸ್ಟೂಲನ್ನು ಮೆಷಿನ್ನಿನ ಹತ್ತಿರಕ್ಕೆ ಸರಿಸಿಕೊಂಡಳು.

"ಕನ್ನಡಕಕ್ಕೆ ಕಳೆ. ರೆಸಿಸ್ಟರು ಸರಣಿಯಲ್ಲಿದ್ರೆ ಕೂಡು." ಮೆಷಿನ್ ಸ್ವಲ್ಪ ನಿಧಾನವಾಯಿತು. "ಕೆಪಾಸಿಟರ್ ಸರಣಿಯಲ್ಲಿದ್ರೂ ಕೂಡು."

ಮೆಷಿನ್ ನಿಂತಿತು. ಪ್ರಿಪರೇಟರಿಯ ದಿನ ಗೇಟಿನ ಬಳಿ ಅವಳ ಕೈಕಾಲು ಕಟ್ಟಿಹಾಕಿದ್ದು ಇದೇ ಸಾಲು. ಜನ್ಮದಲ್ಲಿ ಅವಳು ಮರೆಯಲಾರದ ಸಾಲು. ಗುಬ್ಬಿ ಗೈಡಿನ ಮುಖ ನೋಡಲಿಲ್ಲ. ಸೂಜಿಯ ಮೇಲೆ ಕಣ್ಣಿಟ್ಟು, ಪೆಡಲ್ ತುಳಿಯದೆ ಕಾಲನ್ನು ಹಾಗೇ ಹಿಡಿದುಕೊಂಡು, ಕಾಯುತ್ತ ಕೂತಳು. ಹೊರಗೆ ಟೈಲರಮ್ಮ ಅಳತೆ ಹೇಳುತ್ತಿದ್ದ ದನಿ ಕೇಳಿಸುತ್ತಿತ್ತು.

"ತಪ್ಪು. ಕೆಪಾಸಿಟರ್ ಸರಣಿಯಲ್ಲಿದ್ರೆ ಕೂಡಲ್ಲ" ಎಂದಳು ಗೈಡು.

"ಗೊತ್ತು" ಎಂದಳು ಗುಬ್ಬಿ. ಮೆಷಿನ್ ತುಳಿಯತೊಡಗಿ, ಮುಂದಿನ ಸೂತ್ರ ಹೇಳಿದಳು.